ಟೆಸ್ಟ್ ನೆಗೆಟಿವ್, ಆದರೂ ಮಗುವಿಗೆ ಪದೇ ಪದೇ ಕಫ: ನೀವೇನು ಮಾಡಿದಿರಿ?

ಕೇಳಿದವರು: ನನಗೆ ಎಚ್‌ಐವಿ ಇದೆ. ಮಗಳಿಗೆ ನಾಲ್ಕು ತಿಂಗಳು. ಆರನೇ ವಾರದ ಟೆಸ್ಟ್ ನೆಗೆಟಿವ್ ಬಂತು. ಆದರೆ ಎರಡು ಸಲ ಕಫ ಕಟ್ಟಿ ಆಸ್ಪತ್ರೆಗೆ ಓಡಿದೆವು. ಟೆಸ್ಟ್ ತಪ್ಪಾಗಿರಬಹುದಾ? ಅತ್ತೆ ಎದೆಹಾಲು ಬಿಡಿಸು ಅನ್ನುತ್ತಾರೆ. ದಯವಿಟ್ಟು ನಿಮ್ಮ ಅನುಭವ ಹೇಳಿ.

ಮೂರು ವರ್ಷದ ಮಗನ ತಾಯಿ: ತಂಗಿ, ನಾನೂ ಇದೇ ಭಯದಲ್ಲಿ ಒಂದು ವರ್ಷ ಕಳೆದೆ. ಮಗನಿಗೆ ಸೋಂಕು ಇರಲಿಲ್ಲ, ಆದರೂ ಮೊದಲ ಎಂಟು ತಿಂಗಳು ಕೆಮ್ಮು, ಭೇದಿ ಬಿಡಲೇ ಇಲ್ಲ. ಮಕ್ಕಳ ಡಾಕ್ಟರ್ ಕೂರಿಸಿಕೊಂಡು ಹೇಳಿದ್ದು ಇಷ್ಟು. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದಿಂದ ರೋಗ ತಡೆಯುವ ಪ್ರತಿಕಾಯಗಳು ಮಗುವಿಗೆ ಹೋಗುತ್ತವೆ. ನಮ್ಮಂಥವರಿಂದ ಅವು ಸ್ವಲ್ಪ ಕಡಿಮೆ ಹೋಗುತ್ತವೆ. ನ್ಯುಮೋನಿಯಾ, ನಾಯಿಕೆಮ್ಮು, ದಡಾರ ಇವುಗಳ ಎದುರು ಮಗುವಿಗೆ ಹುಟ್ಟುವಾಗಲೇ ಬಲ ಕಡಿಮೆ. ಆದರೆ ಲಸಿಕೆ ಹಾಕಿದರೆ ಈ ಮಕ್ಕಳ ಮೈ ರೋಗ ಎದುರಿಸಲು ಚೆನ್ನಾಗಿಯೇ ಕಲಿಯುತ್ತದೆ. ಆ ಮಾತು ಕೇಳಿ ನನಗೆ ಉಸಿರು ಬಂತು.

ಎದೆಹಾಲು ಬಿಡಿಸಬೇಡಿ. ನೀವು ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆ ಒಂದು ದಿನವೂ ತಪ್ಪಿಸದಿದ್ದರೆ ಅದೇ ಮಗುವಿಗೆ ದೊಡ್ಡ ರಕ್ಷಣೆ. ಆರು ತಿಂಗಳು ಬರೀ ಎದೆಹಾಲು ಕೊಡಿ. ನಮ್ಮ ಮನೆಯಲ್ಲಿ ಬಜೆ ತೇಯ್ದು, ಜೇನುತುಪ್ಪ ನೆಕ್ಕಿಸುತ್ತಿದ್ದರು. ನಾನು ಜಗಳ ಮಾಡಿಯೇ ನಿಲ್ಲಿಸಿದೆ. ಎದೆಹಾಲಿನ ಜೊತೆ ಮೇಲಿನ ಹಾಲು ಬೆರೆಸಿದರೆ ಭೇದಿಯೂ ಬರುತ್ತದೆ, ಸೋಂಕಿನ ಅಪಾಯವೂ ಜಾಸ್ತಿ. ಅತ್ತೆಯವರನ್ನು ಒಮ್ಮೆ ಐಸಿಟಿಸಿಗೆ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ) ಕರೆದುಕೊಂಡು ಹೋಗಿ. ನಮ್ಮತ್ತೆ ನನ್ನ ಮಾತು ಕೇಳಲಿಲ್ಲ, ಅಲ್ಲಿನ ಮೇಡಂ ಹೇಳಿದ ಮೇಲೆ ಕೇಳಿದರು.

ಐಸಿಟಿಸಿಯಲ್ಲಿ ಆಪ್ತ ಸಮಾಲೋಚಕಿ: ಆರನೇ ವಾರದ್ದು ವೈರಸ್ಸನ್ನೇ ಹುಡುಕುವ ಪರೀಕ್ಷೆ, ನಂಬಬಹುದು. ಆದರೆ ಹಾಲು ಕುಡಿಯುವವರೆಗೆ ಅದು ಕೊನೆಯ ಮಾತಲ್ಲ. 6, 12, 18 ತಿಂಗಳಿಗೆ ಮತ್ತೆ ಮಾಡುತ್ತೇವೆ. ಮಗು ಪದೇ ಪದೇ ಹುಷಾರು ತಪ್ಪುತ್ತಿದ್ದರೆ 6 ತಿಂಗಳಿಗೆ ಕಾಯಬೇಡಿ, ಈಗಲೇ ಬಂದು ಹೇಳಿ. ಹೊರಗಿನ ಲ್ಯಾಬಿನಲ್ಲಿ ಸುಮ್ನೆ ಮಾಮೂಲಿ ಎಚ್‌ಐವಿ ಟೆಸ್ಟ್ ಮಾಡಿಸಬೇಡಿ. ಅದು ಹುಡುಕುವುದು ವೈರಸ್ಸನ್ನಲ್ಲ, ಪ್ರತಿಕಾಯವನ್ನು. ತಾಯಿಯ ಪ್ರತಿಕಾಯ ಮಗುವಿನಲ್ಲಿ 18 ತಿಂಗಳವರೆಗೂ ಉಳಿದಿರಬಹುದು, ಸೋಂಕಿಲ್ಲದ ಮಗುವಿಗೂ ಪಾಸಿಟಿವ್ ತೋರಿಸುತ್ತದೆ. ಹಾಗೆ ಮಾಡಿಸಿ ಅಳುತ್ತಾ ಬಂದವರನ್ನು ನೋಡಿದ್ದೇನೆ. ನ್ಯುಮೋನಿಯಾದಂಥ ಸೋಂಕು ಬರದಂತೆ ಆರನೇ ವಾರದಿಂದ ಕೊಡುವ ಕೋಟ್ರೈಮೊಕ್ಸಜೋಲ್ ಸಿರಪ್ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ಕೆಮ್ಮಿದ್ದರೆ ಅವರಿಗೆ ಟಿಬಿ ಪರೀಕ್ಷೆ ಮಾಡಿಸಿ.

ಒಬ್ಬ ಅಪ್ಪ: ನಾವು ಮಾಡಿದ ತಪ್ಪು ಹೇಳುತ್ತೇನೆ. ನೆಗಡಿ ಇದೆ ಅಂತ 14ನೇ ವಾರದ ಲಸಿಕೆ ಮುಂದಕ್ಕೆ ಹಾಕಿದೆವು, ಆಮೇಲೆ ಮರೆತೆವು. ಐದನೇ ತಿಂಗಳಲ್ಲಿ ಮಗಳಿಗೆ ನ್ಯುಮೋನಿಯಾ ಆಯಿತು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು, ಹಾಲು ಕುಡಿಯುತ್ತಿರಲಿಲ್ಲ. ಹಾಗೆ ಕಂಡರೆ ರಾತ್ರಿಯಾದರೂ ಹೊರಡಿ, ಬೆಳಗಾಗಲಿ ಅಂತ ಕೂರಬೇಡಿ. ಸಣ್ಣ ನೆಗಡಿಗೆ ಲಸಿಕೆ ನಿಲ್ಲಿಸಬೇಕಿಲ್ಲ ಅಂತ ನಮಗೆ ಆಮೇಲೆ ಗೊತ್ತಾಯಿತು. ಈಗ ತಾಯಿ ಕಾರ್ಡ್ ತೆಗೆದು ನೋಡಿ ಅಕ್ಕ, 14ನೇ ವಾರದ್ದು ಆಗಿದೆಯಾ?