ಅಪ್‌ಡೇಟ್: ಬೈಕಿನ ನೀಲಿ ಹೊಗೆ ನಿಂತಿತು!

ನನ್ನ ಹಳೆಯ 100 ಸಿಸಿ ಬೈಕು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಿಡುತ್ತೆ, ಆಯಿಲ್ ಕುಡಿಯುತ್ತೆ, ಮನೆಯಲ್ಲೇ ಎಂಜಿನ್ ಬಿಚ್ಚಬಹುದಾ ಎಂದು ಕೇಳಿದ್ದೆ ಅಲ್ವಾ? ಬಿಚ್ಚಿದೆ, ಜೋಡಿಸಿದೆ. ಈಗ ಹೊಗೆ ಇಲ್ಲ.

ದಪ್ಪ ಆಯಿಲ್ ಹಾಕಿ ಅಂದಿದ್ದರು, ಅದರಿಂದ ಏನೂ ಆಗಲಿಲ್ಲ. ದಾರಿ ತೋರಿಸಿದ್ದು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿ ಎಂದವರು. ಅವರಿಗೆ ದೊಡ್ಡ ಥ್ಯಾಂಕ್ಸ್! ಮೊದಲು ಹಾಗೇ ಅಳೆದೆ, ಸರಿಯಾಗೇ ಇತ್ತು. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದೆ, ಹೆಚ್ಚೇನೂ ಏರಲಿಲ್ಲ. ಜಾಸ್ತಿ ಏರಿದ್ದರೆ ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದೆ ಎಂದರ್ಥ. ಹಾಗಾಗಿ ಸಿಲಿಂಡರ್ ಮುಟ್ಟದೆ ಅದರ ಮೇಲೆ ಕೂರುವ ಹೆಡ್ ಮಾತ್ರ ಇಳಿಸಿದೆ. ಅದರಲ್ಲಿ ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್‌ಗಳು ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದವು, ಹೊಸವು ಹಾಕಿದೆ. ಇಷ್ಟು ಚಿಕ್ಕ ರಬ್ಬರು ಇಷ್ಟೆಲ್ಲ ಕಾಟ ಕೊಡುತ್ತೆ ಎಂದು ಗೊತ್ತೇ ಇರಲಿಲ್ಲ.

ಬಿಚ್ಚುವವರು ಟೈಮಿಂಗ್ ಚೈನನ್ನು (ವಾಲ್ವ್ ಓಡಿಸುವ ಒಳಗಿನ ಚೈನು) ತಂತಿಯಿಂದ ಕಟ್ಟಿಡಿ, ಒಳಗೆ ಬೀಳಬಾರದು. ಹೆಡ್ ಗ್ಯಾಸ್ಕೆಟ್ (ಹೆಡ್, ಸಿಲಿಂಡರ್ ನಡುವಿನ ತೆಳು ಪದರ) ಹೊಸದೇ ಹಾಕಿ. ಟಾರ್ಕ್ ವ್ರೆಂಚ್ (ಎಷ್ಟು ಬಲ ಹಾಕಿದ್ದೇವೆ ಎಂದು ತೋರಿಸುವ ಸ್ಪ್ಯಾನರ್) ಇಲ್ಲದೆ ಹೆಡ್ ನಟ್ ಬಿಗಿಯಬೇಡಿ, ಬಾಡಿಗೆಗಾದರೂ ತನ್ನಿ.

ಇನ್ನೊಂದು: ಜೋಡಿಸಿದ ಮೇಲೂ ಸ್ವಲ್ಪ ಹೊತ್ತು ಹೊಗೆ ಬಂತು. ಸೈಲೆನ್ಸರ್ ಒಳಗೆ ಉಳಿದಿದ್ದ ಆಯಿಲ್ ಸುಡುತ್ತಿತ್ತು, ಅಷ್ಟೇ. ಗಾಬರಿಯಾಗಿ ಮತ್ತೆ ಬಿಚ್ಚಬೇಡಿ.