ಡಿಸ್ಕ್ ಪದೇ ಪದೇ ರೀಡ್ ಓನ್ಲಿ ಆಗುತ್ತಿದೆ, ರೀಬೂಟ್ ಮಾಡಿದರೆ ಎರಡು ದಿನ ಸರಿ

ಪ್ರಶ್ನೆ:
ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ, ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕಿನ ಭಾಗ) ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಕೆಲಸ ಮಾಡುತ್ತಾ ಇದ್ದ ಹಾಗೆ ಫೈಲ್ ಸೇವ್ ಆಗುವುದೇ ನಿಂತುಹೋಗುತ್ತದೆ. ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಅಂತ ಬರುತ್ತದೆ, ಅಂದರೆ ಓದಬಹುದು, ಬರೆಯಲಾಗದು. ಜಾಗ ಬೇಕಾದಷ್ಟಿದೆ, ಪರ್ಮಿಷನ್ ಸರಿ ಇದೆ, ಸುಡೋ (ಅಡ್ಮಿನ್ ಅಧಿಕಾರ) ಹಾಕಿದರೂ ಅದೇ ಕಥೆ. ಲಾಗ್ ಫೈಲುಗಳಲ್ಲಿ ಆ ಹೊತ್ತಿನ ಒಂದು ಸಾಲೂ ಇಲ್ಲ. ರೀಡ್ ರೈಟ್ ಆಗಿ ರಿಮೌಂಟ್ ಮಾಡುವ (ಮತ್ತೆ ಜೋಡಿಸುವ) ಕಮಾಂಡನ್ನು, ಆಗಾಗ ತಾನಾಗಿ ಓಡುವ ಹಾಗೆ, ಕ್ರಾನ್‌ಗೆ ಹಾಕಿಬಿಡಲಾ?

ಉತ್ತರ:
ದಯವಿಟ್ಟು ಬೇಡ! ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಫೈಲ್ ಸಿಸ್ಟಮ್‌ನಲ್ಲಿ ಏನೋ ತಪ್ಪು ಕಂಡಿದೆ, ಇನ್ನಷ್ಟು ಹಾಳಾಗದಿರಲಿ ಅಂತ ಬರೆಯುವುದನ್ನೇ ನಿಲ್ಲಿಸಿದೆ. ಯಾವ ಪಾರ್ಟಿಷನ್ ಹೇಗೆ ಮೌಂಟ್ ಆಗಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್ ತೆಗೆದು ನೋಡಿ, ರೂಟ್ ಸಾಲಿನಲ್ಲಿ ‘ಎರರ್ಸ್=ರಿಮೌಂಟ್-ಆರ್‌ಒ’ (ತಪ್ಪು ಕಂಡರೆ ರೀಡ್ ಓನ್ಲಿ ಮಾಡು) ಅಂತ ಇರುತ್ತದೆ, ಡೆಬಿಯನ್ ಇನ್‌ಸ್ಟಾಲರ್ ಹಾಕಿದ್ದು ಅದು. ಲಾಗ್ ಇಲ್ಲದಿರುವುದೂ ಇದಕ್ಕೇ. ಬರೆಯಲು ಆಗದ ಡಿಸ್ಕಿನಲ್ಲೇ ಲಾಗ್ ಇರುವುದು ಅಲ್ವಾ? ಆದರೆ ಡಿಮೆಸ್ಗ್ ಕಮಾಂಡ್ ತೋರಿಸುವ ಕರ್ನಲ್ ಸಂದೇಶಗಳು ಇರುವುದು ಮೆಮೊರಿಯಲ್ಲಿ, ರೀಬೂಟ್ ಮಾಡಿದ ಕ್ಷಣ ಹೋಗುತ್ತವೆ. ಮುಂದಿನ ಸಲ ರೀಬೂಟ್‌ಗೆ ಮೊದಲು ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಆಗದಿದ್ದರೆ ಸ್ಕ್ರೀನಿನ ಫೋಟೋ ತೆಗೆಯಿರಿ. ಬ್ಯಾಕಪ್ ಮಾತ್ರ ಇವತ್ತೇ ಮಾಡಿ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಮತ್ತೆ ಆಯಿತು, ಈ ಸಲ ಸಿಕ್ಕಿತು. ಮೊದಲು ‘ಹಾರ್ಡ್ ರೀಸೆಟಿಂಗ್ ಲಿಂಕ್’ (ಡಿಸ್ಕಿನ ಸಂಪರ್ಕ ಮತ್ತೆ ಶುರು ಮಾಡುತ್ತಿದೆ) ಅಂತ ನಾಲ್ಕೈದು ಸಲ, ಆಮೇಲೆ ಐ/ಒ (ಓದು-ಬರೆಯುವ) ಎರರ್, ಕೊನೆಗೆ ಇಎಕ್ಸ್‌ಟಿ4 ಎರರ್. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ 5 ಮತ್ತು 197ನೇ ಸಾಲು ಎರಡೂ ಸೊನ್ನೆ, 199ನೇ ಸಾಲು ಮಾತ್ರ 142 ತೋರಿಸುತ್ತಿದೆ. ಡಿಸ್ಕ್ ಹೋಯಿತಾ?

ಇನ್ನೊಂದು ಉತ್ತರ:
ನನಗೆ ಹಾಗೆ ಅನ್ನಿಸುವುದಿಲ್ಲ. 5 ಅಂದರೆ ಕೆಟ್ಟುಹೋಗಿ ಬದಲಾಯಿಸಿದ ಸೆಕ್ಟರ್, 197 ಅಂದರೆ ಓದಲಾಗದೆ ಅನುಮಾನದಲ್ಲಿಟ್ಟ ಸೆಕ್ಟರ್. ಎರಡೂ ಸೊನ್ನೆ ಇರುವಾಗ 199, ಅಂದರೆ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಕೆಟ್ಟಿದ್ದರ ಲೆಕ್ಕ), ಏರಿದೆ ಎಂದರೆ ಡೇಟಾ ಕೆಡುತ್ತಿರುವುದು ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ. ಅವೆರಡನ್ನು ಜೋಡಿಸುವ ಸಾಟಾ ಕೇಬಲ್ ಬದಲಾಯಿಸಿ, ಪೋರ್ಟನ್ನೂ ಬದಲಾಯಿಸಿ. ಆ 142 ಮತ್ತೆ ಕಮ್ಮಿ ಆಗುವುದಿಲ್ಲ, ಹೆದರಬೇಡಿ, ಮೇಲೇರದಿದ್ದರೆ ಸಾಕು. ಆಮೇಲೆ ಲೈವ್ ಯುಎಸ್‌ಬಿಯಿಂದ (ಲಿನಕ್ಸ್ ಇರುವ ಪೆನ್‌ಡ್ರೈವ್) ಬೂಟ್ ಮಾಡಿ, ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಮಾಡುವ ಎಫ್‌ಎಸ್‌ಸಿಕೆ ಓಡಿಸಿ. ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಓಡಿಸಿದರೆ ಇರುವುದೂ ಕೆಡಬಹುದು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ನಿಮ್ಮಲ್ಲಿ 197 ಏರುತ್ತಿದ್ದರೆ ಎಫ್‌ಎಸ್‌ಸಿಕೆ ಮುಟ್ಟಬೇಡಿ, ಮೊದಲು ಡಿಡಿರೆಸ್ಕ್ಯೂ (ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಪ್ರೋಗ್ರಾಂ) ಬಳಸಿ ಇಡೀ ಡಿಸ್ಕನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಕೇಬಲ್ ಬದಲಾಯಿಸಿ ಹತ್ತು ದಿನ ಆಯಿತು. ಹಳೆಯದು ಡಿಸ್ಕಿನ ಕಡೆ ಸಡಿಲವಾಗಿತ್ತು. ಎಫ್‌ಎಸ್‌ಸಿಕೆ ಕೆಲವು ಐನೋಡ್‌ಗಳನ್ನು (ಫೈಲುಗಳ ವಿವರ ಇಡುವ ದಾಖಲೆ) ಸರಿಮಾಡಿತು, ಫೈಲ್ ಯಾವುದೂ ಹೋಗಿಲ್ಲ. 199 ಇನ್ನೂ 142ರಲ್ಲೇ ನಿಂತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.