ಅಪ್‌ಡೇಟ್: ನೆಟ್‌ಬುಕ್‌ನಲ್ಲಿ ಯುಎಸ್‌ಬಿ ಮೋಡೆಮ್ ಕೊನೆಗೂ ಕೆಲಸ ಮಾಡುತ್ತಿದೆ

ಲಿನಕ್ಸ್ ಹಾಕಿದ ನನ್ನ ಹಳೆಯ ನೆಟ್‌ಬುಕ್‌ಗೆ (ಪುಟ್ಟ ಲ್ಯಾಪ್‌ಟಾಪ್) ಸಿಮ್ ಹಾಕುವ ಯುಎಸ್‌ಬಿ ಮೋಡೆಮ್ ಚುಚ್ಚಿದರೆ ಇಂಟರ್ನೆಟ್ ಬರುವುದಿಲ್ಲ, ಬದಲಿಗೆ ಒಂದು ಸಿಡಿ ಡ್ರೈವ್ ಕಾಣಿಸುತ್ತದೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಮೋಡೆಮ್ ಕೆಟ್ಟಿರಲಿಲ್ಲ. ವಿಂಡೋಸ್‌ಗೆ ಬೇಕಾದ ಡ್ರೈವರ್ ಅದರೊಳಗೇ ಇರುತ್ತದೆ, ಅಲ್ವಾ? ಅದಕ್ಕೇ ಚುಚ್ಚಿದ ಕೂಡಲೇ ಅದು ಸಿಡಿ ಥರ ನಡೆದುಕೊಳ್ಳುತ್ತದೆ. ‘ಈಗ ಮೋಡೆಮ್ ಆಗು’ ಅಂತ ಯಾರಾದರೂ ಹೇಳಬೇಕು. ಆ ಕೆಲಸ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಸಾಫ್ಟ್‌ವೇರ್ ಪ್ಯಾಕೇಜಿನದು. ನನ್ನಲ್ಲಿ ಅದು ಇರಲೇ ಇಲ್ಲ. ನೆಟ್ ಇಲ್ಲದೆ ಅದನ್ನು ತರುವುದು ಹೇಗೆ? ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದೆ. ಅದರ ಜೊತೆಗಿರುವ ಡೇಟಾ ಪ್ಯಾಕೇಜನ್ನೂ (ಯಾವ ಮೋಡೆಮ್‌ಗೆ ಏನು ಹೇಳಬೇಕು ಎಂಬ ಪಟ್ಟಿ) ಮರೆಯದೆ ತನ್ನಿ. ನಾನು ಅದಕ್ಕಾಗಿ ಎರಡನೇ ಸಲ ಹೋಗಬೇಕಾಯಿತು.

ಇನ್‌ಸ್ಟಾಲ್ ಮಾಡಿ, ಮೋಡೆಮ್ ತೆಗೆದು ಮತ್ತೆ ಚುಚ್ಚಿದೆ. ಸುಮ್ನೆ ನೋಡುತ್ತಾ ಕೂತೆ. ಹತ್ತು ಸೆಕೆಂಡಿನಲ್ಲಿ ಸಿಡಿ ಐಕಾನ್ ತಾನಾಗಿ ಮಾಯವಾಯಿತು. ಚುಚ್ಚಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್ ಕೊಟ್ಟರೆ ಮೋಡೆಮ್‌ನ ಗುರುತಿನ ಸಂಖ್ಯೆಯ (ID) ಕೊನೆಯ ನಾಲ್ಕು ಅಂಕಿ ಬದಲಾಗಿದ್ದವು. ಮೋಡೆಮ್ ಜೊತೆ ಮಾತಾಡಲು ಟಿಟಿವೈಯುಎಸ್‌ಬಿ (ttyUSB) 0, 1, 2 ಎಂದು ಮೂರು ಪೋರ್ಟ್ ಬಂದಿದ್ದವು. ಎಷ್ಟು ಖುಷಿಯಾಯಿತು ಗೊತ್ತಾ!

ನಂತರದ್ದು ಸುಲಭ. ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಮಾಡಿ, ನಂಬರ್ *99# ಮತ್ತು ಸಿಮ್‌ಗೆ ತಕ್ಕ ಎಪಿಎನ್ (ಮೊಬೈಲ್ ಕಂಪನಿಯ ಇಂಟರ್ನೆಟ್‌ಗೆ ಸೇರಲು ಕೊಡುವ ಹೆಸರು) ಕೊಟ್ಟೆ.

ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಹಬ್ ಮೂಲಕ ಹಾಕಿದಾಗ ಮಾತ್ರ ಆಗಾಗ ಕನೆಕ್ಷನ್ ಬಿಟ್ಟುಹೋಗುತ್ತಿತ್ತು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್ ಕರೆಂಟ್. ಅದನ್ನು ಹಬ್‌ನಲ್ಲಿ ಮೌಸ್ ಜೊತೆ ಹಂಚಿಕೊಂಡರೆ ಮೋಡೆಮ್‌ಗೆ ಸಾಲುವುದಿಲ್ಲ. ಈಗ ನೇರವಾಗಿ ನೆಟ್‌ಬುಕ್‌ಗೇ ಚುಚ್ಚಿದ್ದೇನೆ. ನಿನ್ನೆ ಸಂಜೆಯಿಂದ ಒಮ್ಮೆಯೂ ಕಡಿದಿಲ್ಲ.